ಭೈಯಾ ಚೌಕದ ಡಾಕ್ಟರ ಮನೆ

ಕನ್ನಡಿಗರು ಸೊಲ್ಲಾಪುರಕ್ಕೆ ಹೋಗುವುದು ಹೆಚ್ಚಾಗಿ ದೇವರ ನೆಪದಲ್ಲಿ. ಸೊನ್ನಲಿಗೆಯ ಸಿದ್ಧರಾಮನ ಗದ್ದುಗೆ, ಸಂಕ್ರಾಂತಿಗೆ ನಂದಿಧ್ವಜಗಳು ಹೊರಡುವ ಗಡ್ಡಾ ಜಾತ್ರೆ, ಅಲ್ಲಿಂದ ಸುಮಾರು 40 ಕಿಲೋಮೀಟರು ಆಚೆ ಅಕ್ಕಲಕೋಟೆಯ ಸ್ವಾಮಿ ಸಮರ್ಥರು. ದರ್ಶನ ಮುಗಿದ ಮೇಲೆ ಹೊತ್ತು ಉಳಿದರೆ ಚಾದರ, ಶೇಂಗಾ ಚಟ್ನಿ, ಕಡಕ್ ಭಾಕರಿ ಕಟ್ಟಿಸಿಕೊಂಡು ರೈಲು ಹತ್ತುವುದು. ಅದೇ ರೈಲು ನಿಲ್ದಾಣದಿಂದ ಅಷ್ಟೇನೂ ದೂರವಿಲ್ಲದ ಭೈಯಾ ಚೌಕದಲ್ಲಿ ಒಂದು ಮನೆಯಿದೆ. ನಮ್ಮ ಯಾತ್ರಿಕರು ಅದರ ಮುಂದೆಯೇ ಹಾದುಹೋಗುತ್ತಾರೆ. ಚೀನಾದಿಂದ ಬಂದವರು ಅದನ್ನು ಹುಡುಕಿಕೊಂಡು ಬರುತ್ತಾರೆ.

ಅದು ದ್ವಾರಕಾನಾಥ ಶಾಂತಾರಾಮ ಕೋಟ್ನೀಸರ ಮನೆ. ಮಹಾನಗರಪಾಲಿಕೆ ಅದನ್ನು ಸ್ಮಾರಕ ಮಾಡಿ 2012ರಲ್ಲಿ ಜನರಿಗೆ ತೆರೆದಿದೆ. ಗೋಡೆಗಳ ಮೇಲೆ ಫೋಟೊಗಳಿವೆ. ಅವನ್ನು ನೋಡುವ ಮೊದಲು ಹಿನ್ನೆಲೆ ತಿಳಿದಿದ್ದರೆ ಒಳ್ಳೆಯದು, ಇಲ್ಲವಾದರೆ ದಪ್ಪ ಕೋಟು ತೊಟ್ಟ ಯಾರೋ ಒಬ್ಬರನ್ನು ಕಂಡುಬಂದಂತಾದೀತು.

ಕೋಟ್ನೀಸರು ಹುಟ್ಟಿದ್ದು 1910ರ ಅಕ್ಟೋಬರ್ 10ರಂದು, ಕೆಳಮಧ್ಯಮ ವರ್ಗದ ತುಂಬು ಸಂಸಾರದಲ್ಲಿ. ಆಗ ಸೊಲ್ಲಾಪುರ ಗಿರಣಿಗಳ ಊರು. ಮರಾಠಿ, ಕನ್ನಡ, ತೆಲುಗು ಮೂರೂ ಮಗ್ಗದ ಸದ್ದಿನ ನಡುವೆಯೇ ಕೇಳಿಸುತ್ತಿದ್ದ ಕಾಲ. 1930ರ ಮೇ ತಿಂಗಳಲ್ಲಿ ಗಾಂಧೀಜಿಯ ಬಂಧನದ ಸುದ್ದಿಗೆ ಊರು ಸಿಡಿದೆದ್ದಿತು. ಪೊಲೀಸರು ಕಾಲ್ತೆಗೆದರು, ಕೆಲವು ದಿನ ಜನರೇ ಊರು ನಡೆಸಿದರು, ಆಮೇಲೆ ಮಾರ್ಷಲ್ ಲಾ ಬಂತು. ಮಲ್ಲಪ್ಪ ಧನಶೆಟ್ಟಿ, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂದೆ, ಕುರ್ಬಾನ್ ಹುಸೇನ್ ಈ ನಾಲ್ವರನ್ನು 1931ರ ಜನವರಿ 12ರಂದು ಯರವಡಾದಲ್ಲಿ ಗಲ್ಲಿಗೇರಿಸಿದರು. ಊರ ನಡುವೆ ಅವರ ಪ್ರತಿಮೆಗಳಿವೆ. ‘ಚಾರ್ ಪುತಳಾ’ ಎಂದರೆ ಮಕ್ಕಳೂ ದಾರಿ ತೋರಿಸುತ್ತಾರೆ. ಆ ಗಲಾಟೆಯ ಹೊತ್ತಿಗೆ ಕೋಟ್ನೀಸರಿಗೆ ಹತ್ತೊಂಬತ್ತು ವಯಸ್ಸು. ಅಂಥ ಊರಿನ ಹುಡುಗ ಮುಂಬೈಯ ಜಿ.ಎಸ್. ಮೆಡಿಕಲ್ ಕಾಲೇಜಿನಲ್ಲಿ ಓದಿ ಸುಮ್ಮನೆ ದವಾಖಾನೆ ತೆರೆದು ಕೂತಿದ್ದರೇ ಆಶ್ಚರ್ಯವಾಗುತ್ತಿತ್ತು.

ಜಪಾನ್ ಚೀನಾದ ಮೇಲೆ ಬಿದ್ದಿತ್ತು. ಚೀನಾದ ದಂಡನಾಯಕ ಝೂ ದೆ ನೆಹರೂಗೆ ಬರೆದು ವೈದ್ಯರನ್ನು ಕೇಳಿದ. 1938ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಸುಭಾಷಚಂದ್ರ ಬೋಸ್ ಕರೆ ಕೊಟ್ಟರು. ಜನ 22,000 ರೂಪಾಯಿ ಕೂಡಿಸಿದರು, ಒಂದು ಆಂಬುಲೆನ್ಸ್ ಆಯಿತು, ಐವರು ಡಾಕ್ಟರು ಸಿದ್ಧರಾದರು. ಅಲಹಾಬಾದಿನ ಅಟಲ್, ನಾಗಪುರದ ಚೋಳ್ಕರ್, ಕಲ್ಕತ್ತೆಯ ಬಸು ಮತ್ತು ಮುಖರ್ಜಿ, ಸೊಲ್ಲಾಪುರದ ಕೋಟ್ನೀಸ್. ಹಿರಿಯರಾದ ಅಟಲ್ ಆಗಷ್ಟೇ ಸ್ಪೇನಿನ ಯುದ್ಧ ನೋಡಿ ಬಂದವರು. ಸೆಪ್ಟೆಂಬರ್ 1ರಂದು ಮುಂಬೈಯಲ್ಲಿ ಹಡಗು ಹತ್ತಿದ ಇವರು ಕ್ಯಾಂಟನ್, ಹಾಂಕೌ, ಚುಂಗ್‌ಕಿಂಗ್ ದಾಟಿ 1939ರ ಫೆಬ್ರುವರಿಯಲ್ಲಿ ಮಾವೋ ಇದ್ದ ಯೆನಾನ್ ತಲುಪಿದರು. ನಡುದಾರಿಯಲ್ಲೇ ಕೋಟ್ನೀಸರಿಗೆ ತಂದೆ ತೀರಿಹೋದ ಸುದ್ದಿ ಬಂತು. ಅವರು ಊರಿಗೆ ಮರಳಲಿಲ್ಲ.

ಆ ವರ್ಷದ ಕೊನೆಗೆ ಅವರು ಹೋದದ್ದು ಜಪಾನೀಯರ ಹಿಡಿತದಲ್ಲಿದ್ದ ಉತ್ತರ ಚೀನಾಕ್ಕೆ. ಹಿಡಿತ ಎಂದರೆ ಊರು, ರೈಲು ಹಳಿ, ಹಳಿಯುದ್ದಕ್ಕೂ ಕಾವಲು ಗೋಪುರ. ಹಳಿಗಳ ನಡುವಿನ ಬೆಟ್ಟ ಮತ್ತು ಹಳ್ಳಿ ಗೆರಿಲ್ಲಾಗಳದು. ಆಚೆಗೆ ಹೋಗಬೇಕಾದರೆ ರಾತ್ರಿ ಕತ್ತಲಲ್ಲಿ ಹಳಿ ದಾಟಬೇಕು. ಅಲ್ಲಿ ದುಡಿಯುತ್ತಿದ್ದ ಕೆನಡಾದ ಸರ್ಜನ್ ನಾರ್ಮನ್ ಬೆಥೂನ್ 1939ರ ನವೆಂಬರಿನಲ್ಲಿ ಸತ್ತಿದ್ದ. ಶಸ್ತ್ರಚಿಕಿತ್ಸೆ ಮಾಡುವಾಗ ಬೆರಳಿಗಾದ ಗಾಯ ನಂಜೇರಿ ಹೋದ ಪ್ರಾಣ ಅದು. ಅವನ ಹೆಸರಿನ ಆಸ್ಪತ್ರೆಗೆ 1941ರಲ್ಲಿ ಕೋಟ್ನೀಸರೇ ನಿರ್ದೇಶಕರಾದರು. ಆಸ್ಪತ್ರೆಯೆಂದರೆ ಕಟ್ಟಡವೇನಲ್ಲ. ರೈತರ ಮನೆಗಳೇ ವಾರ್ಡು, ಜಪಾನಿ ದಂಡು ಬೆಟ್ಟ ಸುತ್ತುವರಿದರೆ ರೋಗಿಗಳನ್ನು ಹೊತ್ತುಕೊಂಡು ಮುಂದಿನ ಹಳ್ಳಿಗೆ. 1940ರ ದೊಡ್ಡ ಕಾಳಗದಲ್ಲಿ 72 ಗಂಟೆ ನಿದ್ದೆಯಿಲ್ಲದೆ ಆಪರೇಷನ್ ಮಾಡಿದರು, 800ಕ್ಕೂ ಹೆಚ್ಚು ಗಾಯಾಳುಗಳನ್ನು ನೋಡಿದರು. ಚೀನೀ ಭಾಷೆ ಕಲಿತು ಅದರಲ್ಲೇ ಪಾಠ ಮಾಡಿದರು, ಅದರಲ್ಲೇ ಸರ್ಜರಿಯ ಪಠ್ಯಪುಸ್ತಕ ಬರೆಯತೊಡಗಿದರು.

ಶತ್ರುವಿನ ವಶದಲ್ಲಿರುವ ನೆಲಕ್ಕೆ ಗಾಯಗೊಂಡು ಬಿದ್ದವನ ಗತಿ ಏನಾಗುತ್ತಿತ್ತು, ಅಲ್ಲೊಬ್ಬ ವೈದ್ಯ ಸಿಕ್ಕರೆ ಎಷ್ಟು ಬದಲಾಗುತ್ತಿತ್ತು ಎಂಬುದಕ್ಕೆ ಅದೇ ಚೀನಾದ ಮೂಡಣ ಕರಾವಳಿಯ ಇನ್ನೊಂದು ಪ್ರಸಂಗ ನೋಡಬೇಕು. 1942ರ ಏಪ್ರಿಲ್ 18ರಂದು ಅಮೆರಿಕದ 16 ಬಾಂಬರ್‌ಗಳು ಟೋಕಿಯೊ ಮುಂತಾದ ಊರುಗಳ ಮೇಲೆ ದಾಳಿ ಮಾಡಿದವು. ಒಂದು ರಷ್ಯಾದಲ್ಲಿ ಇಳಿಯಿತು. ಮಿಕ್ಕ 15 ಇಂಧನ ತೀರಿ ಚೀನಾದಲ್ಲಿ, ಅದರ ಕಡಲಂಚಿನಲ್ಲಿ ಬಿದ್ದವು. ಅವುಗಳಲ್ಲಿದ್ದ 75 ಮಂದಿಯಲ್ಲಿ ಮೂವರು ಆಗಲೇ ಸತ್ತರು. ಎಂಟು ಮಂದಿ ಜಪಾನೀಯರ ಕೈಗೆ ಸಿಕ್ಕರು, ಅವರಲ್ಲಿ ಮೂವರನ್ನು ಗುಂಡಿಟ್ಟು ಕೊಂದರು, ಒಬ್ಬ ಸೆರೆಯಲ್ಲೇ ಸತ್ತ. ಉಳಿದ 64 ಮಂದಿಯನ್ನು ಚೀನಾದ ಮೀನುಗಾರರು, ರೈತರು, ಗೆರಿಲ್ಲಾಗಳು ಬಚ್ಚಿಟ್ಟು, ಹೊತ್ತು, ದಾಟಿಸಿದರು. ಪೈಲಟ್ ಟೆಡ್ ಲಾಸನ್‌ನ ಕಾಲು ಕೊಳೆಯತೊಡಗಿತ್ತು. ಲಿನ್‌ಹಾಯ್ ಎಂಬ ಊರಿನ ಚೆನ್ ಎಂಬ ವೈದ್ಯ ಮನೆತನದ ಆಸ್ಪತ್ರೆಗೆ ಅವನನ್ನು ಡೋಲಿಯಲ್ಲಿ ತಂದರು. ಇನ್ನೊಂದು ವಿಮಾನದಲ್ಲಿ ಗನ್ನರ್ ಆಗಿ ಬಂದಿದ್ದ ಡಾಕ್ಟರ್ ವೈಟ್ ಬೆನ್ನುಹುರಿಗೆ ಅರಿವಳಿಕೆ ಕೊಟ್ಟು ಕಾಲು ಕತ್ತರಿಸಿದ. ರಕ್ತ ಕೊಟ್ಟವನು ಜತೆಯ ವಿಮಾನಿಕ. ಈ ಉಪಕಾರದ ಬೆಲೆ ತೆತ್ತವರು ಹಳ್ಳಿಗರು. ಅನಂತರದ ತಿಂಗಳುಗಳಲ್ಲಿ ಜಪಾನಿ ಸೇನೆ ಝೆಜಿಯಾಂಗ್, ಜಿಯಾಂಗ್ಸಿ ಪ್ರಾಂತಗಳಲ್ಲಿ ಕೊಂದ ನಾಗರಿಕರು 2.5 ಲಕ್ಷ ಎಂಬ ಅಂದಾಜಿದೆ. ಲಾಸನ್ ಪುಸ್ತಕ ಬರೆದ, ಅದು ಸಿನಿಮಾ ಆಯಿತು. ಹಳ್ಳಿಗರ ಹೆಸರು ಯಾರಿಗೆ ಗೊತ್ತು?

1944ರಲ್ಲಿ ಅಮೆರಿಕ ಯೆನಾನ್‌ಗೆ ಒಂದು ನಿಯೋಗ ಕಳಿಸಿತು. ಉತ್ತರ ಚೀನಾದಲ್ಲಿ ಬಿದ್ದ ತನ್ನ ವಿಮಾನಿಕರನ್ನು ಬಿಡಿಸಿ ತರುವುದೂ ಅದರ ಕೆಲಸಗಳಲ್ಲಿ ಒಂದು. ಹಾಗೆ ಬಿದ್ದವರನ್ನು ಕೋಟ್ನೀಸರು ದುಡಿದಂಥ ಬೆಟ್ಟಗಳಿಂದಲೇ ಹಳ್ಳಿಗರು ಜೋಪಾನವಾಗಿ ಸಾಗಿಸಿದರು. ಅದನ್ನು ನೋಡಲು ಕೋಟ್ನೀಸರು ಉಳಿದಿರಲಿಲ್ಲ. ಮೂರ್ಛೆರೋಗ ಅವರನ್ನು ಹಿಡಿದಿತ್ತು, ಚಿಕಿತ್ಸೆಗೆಂದು ಕೆಲಸ ಬಿಟ್ಟು ಹೋಗಲು ಒಪ್ಪಿರಲಿಲ್ಲ. 1942ರ ಡಿಸೆಂಬರ್ 9ರಂದು ಹೆಬೆ ಪ್ರಾಂತದ ಗೆಗೊಂಗ್ ಹಳ್ಳಿಯಲ್ಲಿ ತೀರಿಕೊಂಡಾಗ ವಯಸ್ಸು 32. ಹಿಂದಿನ ವರ್ಷವಷ್ಟೇ ನರ್ಸಿಂಗ್ ಶಿಕ್ಷಕಿ ಗುವೊ ಚಿಂಗ್‌ಲಾನ್‌ರನ್ನು ಮದುವೆಯಾಗಿದ್ದರು. ಮಗ ಯಿನ್‌ಹುವಾ ಮೂರೂವರೆ ತಿಂಗಳ ಕೂಸು. ಆ ಮಗನೂ ವೈದ್ಯಕೀಯ ಓದುತ್ತಿದ್ದಾಗ 1967ರಲ್ಲಿ ಹೋದ. ಗುವೊ 2012ರವರೆಗೆ ಬದುಕಿದ್ದು, ಹಲವು ಸಲ ಭಾರತಕ್ಕೆ ಬಂದು ಗಂಡನ ಮನೆಯವರನ್ನು ಕಂಡುಹೋದರು.

ನಮಗೆ ಕೋಟ್ನೀಸರನ್ನು ಪರಿಚಯಿಸಿದ್ದು 1946ರ ವಿ. ಶಾಂತಾರಾಂ ಚಿತ್ರ. ಹಾಡು, ಪ್ರೇಮ, ಕಣ್ಣೀರು ಎಲ್ಲ ಸೇರಿ ಡಾಕ್ಟರು ಚಿತ್ರನಾಯಕರಾದರು. 1962ರ ಯುದ್ಧದ ಮೇಲೆ ಚೀನಾದ ಹೆಸರೆತ್ತುವುದೇ ಮುಜುಗರವಾಯಿತು. ಈಗ ಎರಡು ದೇಶಗಳ ನಾಯಕರು ಭೇಟಿಯಾದಾಗ ಕೋಟ್ನೀಸರ ನೆನಪಾಗುತ್ತದೆ, ಗಡಿಯಲ್ಲಿ ಕೆಟ್ಟ ಸುದ್ದಿ ಬಂದಾಗ ಮರೆತುಹೋಗುತ್ತದೆ. ಇದು ಸರಿಯಾದ ಲೆಕ್ಕವಲ್ಲ ಎಂದು ನನ್ನ ಅನಿಸಿಕೆ. ಗುಲಾಮ ದೇಶದವರು ಚಂದಾ ಎತ್ತಿ ಇನ್ನೊಂದು ನರಳುವ ದೇಶಕ್ಕೆ ಡಾಕ್ಟರನ್ನು ಕಳಿಸಿದ್ದು ಆಮೇಲಿನ ಸರಕಾರಗಳ ವ್ಯವಹಾರಕ್ಕೆ ಅಡವಿಟ್ಟ ಒಡವೆಯಲ್ಲ. ಶಿಜಿಯಾಝುವಾಂಗ್ ನಗರದಲ್ಲಿ ಅವರ ಹೆಸರಿನ ವೈದ್ಯಕೀಯ ಶಾಲೆಯಿದೆ, ಹುತಾತ್ಮರ ಸಮಾಧಿಗಳ ನಡುವೆ ಅವರದೂ ಇದೆ.

ಅಕ್ಕಲಕೋಟೆಯಲ್ಲಿ ವಟವೃಕ್ಷ ಮಂದಿರದ ಸಾಲು ಉದ್ದವಿರುತ್ತದೆ. ದರ್ಶನವಾದ ಮೇಲೆ ಹಳೆಯ ಸಂಸ್ಥಾನದ ಅರಮನೆಯ ಶಸ್ತ್ರಾಗಾರವನ್ನೂ ಜನ ನೋಡುತ್ತಾರೆ. ಕತ್ತಿ, ಭರ್ಚಿ, ಬಂದೂಕುಗಳ ಸಂಗ್ರಹ, ಮಕ್ಕಳಿಗೆ ಬಲು ಇಷ್ಟ. ಅವರನ್ನು ಕರೆದುಕೊಂಡು ಹೋಗುವವರು ಸೊಲ್ಲಾಪುರದಲ್ಲಿ ಇಳಿದ ದಿನವೇ ಭೈಯಾ ಚೌಕಕ್ಕೆ ಒಂದು ಗಂಟೆ ಮೀಸಲಿಡಬಹುದು. ಆಟೋದವರಿಗೆ ‘ಕೋಟ್ನೀಸ್ ಸ್ಮಾರಕ’ ಎಂದು ಹೇಳಿ. ಆ ಊರಿನಲ್ಲಿ ಅಷ್ಟನ್ನು ಕನ್ನಡದಲ್ಲೇ ಕೇಳಬಹುದು.