ಮುರಕಲ್ಲಿನ ನೆಲದಲ್ಲಿ ಮೀನಿನ ಕೊಳ

ಕಾಸರಗೋಡಿನ ಸೀಮೆಯ ಮೇಲೆ ಆಕಾಶಕ್ಕೆ ಜಿಪುಣತನವಿಲ್ಲ. ವರ್ಷಕ್ಕೆ ಸುಮಾರು 3500 ಮಿಲ್ಲಿಮೀಟರು ಮಳೆ ಇಲ್ಲಿ ಸುರಿಯುತ್ತದೆ. ಅದರ ಬಹುಭಾಗ ಜೂನಿನಿಂದ ಸೆಪ್ಟೆಂಬರಿನವರೆಗಿನ ನಾಲ್ಕು ತಿಂಗಳುಗಳಲ್ಲಿಯೇ. ಹಿತ್ತಿಲಿನಲ್ಲಿ ಹತ್ತು ಮೀಟರು ಉದ್ದ, ಐದು ಮೀಟರು ಅಗಲ, ಒಂದೂವರೆ ಮೀಟರು ಆಳದ ಹೊಂಡವೊಂದನ್ನು ತೋಡಿದರೆ ಅದು ಹಿಡಿಯತಕ್ಕ ನೀರು 75 ಸಾವಿರ ಲೀಟರು. ಸುತ್ತಲಿನಿಂದ ಹರಿದು ಬರುವುದನ್ನು ಗಣನೆಗೆ ತೆಗೆದುಕೊಳ್ಳದಿದ್ದರೂ, ಅದರ ಬಾಯಿಗೆ ನೇರವಾಗಿ ಬೀಳುವ ಮಳೆಯೇ ವರ್ಷಕ್ಕೆ ಒಂದು ಲಕ್ಷದ 75 ಸಾವಿರ ಲೀಟರಾಗುತ್ತದೆ. ಹೀಗಿದ್ದೂ, ಹೊಂಡವನ್ನು ತೋಡಿ ಸುಮ್ಮನೆ ಬಿಟ್ಟವನಿಗೆ ಫೆಬ್ರವರಿಯಲ್ಲಿ ಕಾಣಸಿಗುವುದು ಸಾಮಾನ್ಯವಾಗಿ ಒಣಗಿದ ಕೆಂಪು ತಳ ಮಾತ್ರ.

ಇದಕ್ಕೆ ಕಾರಣ ಇಲ್ಲಿಯ ಮುರಕಲ್ಲಿನ ನೆಲದ ಸ್ವಭಾವ. ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯನು ಮಲಬಾರಿನ ಅಂಗಾಡಿಪುರದಲ್ಲಿ ಈ ಶಿಲೆಯನ್ನು ಕಂಡು, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಅದಕ್ಕೆ ಲ್ಯಾಟರೈಟ್ ಎಂದು ನಾಮಕರಣ ಮಾಡಿದನು. ನಮ್ಮವರಾದರೋ ಅದಕ್ಕೂ ಬಹುಕಾಲ ಮೊದಲಿನಿಂದ ಮುರಕಲ್ಲನ್ನು ಕಡಿದು ಮನೆ ಕಟ್ಟುತ್ತಿದ್ದರು. ಲಕ್ಷಾಂತರ ವರ್ಷಗಳ ಬಿಸಿಲು ಮಳೆಗಳು ಮೂಲಶಿಲೆಯನ್ನು ಶಿಥಿಲಗೊಳಿಸಿ, ಅದರೊಳಗಿದ್ದ ಸುಣ್ಣ, ಮೆಗ್ನೀಸಿಯಂ, ಪೊಟ್ಯಾಸಿಯಂ, ಸಿಲಿಕಾಗಳನ್ನು ಕರಗಿಸಿ ಕೊಂಡೊಯ್ದು, ಕರಗಲೊಲ್ಲದ ಕಬ್ಬಿಣ ಮತ್ತು ಅಲ್ಯುಮಿನಿಯಂಗಳ ಆಕ್ಸೈಡುಗಳನ್ನು ಮಾತ್ರ ಹಿಂದೆ ಬಿಟ್ಟಾಗ ಉಳಿದ ರಂಧ್ರಮಯ ಪದಾರ್ಥವೇ ಇದು. ಆ ರಂಧ್ರಗಳಲ್ಲಿ ಇಳಿದ ನೀರನ್ನೇ ಎಣ್ಮಕಜೆ, ಪೈವಳಿಕೆ, ಬಾಯಾರುಗಳ ಕೃಷಿಕರು ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಸುರಂಗವನ್ನು ಕೊರೆದು, ಪಂಪಿನ ನೆರವಿಲ್ಲದೆ ಇಳಿಜಾರಿನಲ್ಲಿಯೇ ಹರಿಯಿಸಿಕೊಂಡು, ಸುರಂಗದ ಬಾಯಲ್ಲಿ ಮಣ್ಣಿನ ಪುಟ್ಟ ಕೆರೆಯೊಂದರಲ್ಲಿ ತುಂಬಿ ತೋಟಕ್ಕೆ ಬಿಡುತ್ತ ಬಂದಿದ್ದಾರೆ. ನೀರನ್ನು ಕೊಡುವ ಗುಣವೂ ಕೊಳದಿಂದ ಕಸಿಯುವ ಗುಣವೂ ಈ ಕಲ್ಲಿನ ಒಂದೇ ಗುಣ.

ನೀರನ್ನು ನಿಲ್ಲಿಸುವ ಉಪಾಯಗಳು ಎರಡು. ಜೇಡಿಮಣ್ಣನ್ನು ತಂದು, ತೇವಗೊಳಿಸಿ, ತಳಕ್ಕೂ ಪಕ್ಕಗಳಿಗೂ ಪದರಪದರವಾಗಿ ಹಾಕಿ ಮೆಟ್ಟಿ ಬಿಗಿಗೊಳಿಸುವುದು ಹಳೆಯದು. ದಪ್ಪವಾದ ಪ್ಲಾಸ್ಟಿಕ್ ಹಾಳೆಯನ್ನು ಹಾಸಿ, ನೆರೆಯ ಮಲಯಾಳಿಗಳು ಪಡುತಾಕ್ಕುಳವೆನ್ನುವ ಕೊಳವನ್ನು ಮಾಡುವುದು ಹೊಸದು. ಎರಡನೆಯದು ಸುಲಭವೆಂಬುದರಲ್ಲಿ ಸಂಶಯವಿಲ್ಲ. ಆದರೆ ತಳದ ಮಣ್ಣೆಂಬುದು ಕೊಳದ ಉಗ್ರಾಣವಾದುದರಿಂದ, ಹಾಳೆಯ ಮೇಲೆ ಅಂಗೈ ಅಗಲದಷ್ಟಾದರೂ ಮಣ್ಣನ್ನು ಹರಡದೆ ನೀರು ತುಂಬುವವರ ಆತುರವನ್ನು ನಾನು ಒಪ್ಪಲಾರೆ. ಕಲ್ಲು ಕಡಿದು ಬಿಟ್ಟ ಕೋರೆಗಳಲ್ಲಿ ಮೀನು ಬಿಡುವವರೂ ಉಂಟು. ಅವುಗಳ ಕಡಿದಾದ ಗೋಡೆಗಳಿಂದ ಮಕ್ಕಳನ್ನು ಕಾಯಲು ಬೇಲಿ ಮೊದಲು, ಮೀನು ಆಮೇಲೆ.

ನೀರು ನಿಂತಿತೆಂದು ಭಾವಿಸೋಣ. ಪ್ರಾರಂಭಿಕರು ಸಾಮಾನ್ಯವಾಗಿ ಮೀನುಮರಿಗಳನ್ನು ತರಲು ಓಡುವುದು ಈ ಘಟ್ಟದಲ್ಲಿ. ಕೆಲಸದ ಮುಖ್ಯ ಭಾಗ ಆರಂಭವಾಗುವುದೂ ಈ ಘಟ್ಟದಲ್ಲಿಯೇ. ಸುಣ್ಣವೆಲ್ಲ ತೊಳೆದುಹೋದ ನೆಲದ ಮೇಲೆ ನಿಂತ ಮಳೆನೀರಿನಲ್ಲಿ ಸುಣ್ಣವೆಲ್ಲಿಂದ ಬರಬೇಕು? ಅದು ಆಮ್ಲಗುಣದ, ಅತಿ ಮೃದುವಾದ, ಸಾರಹೀನವಾದ ನೀರು. ಸುರಂಗದ ನೀರಾದರೆ, ಮಣ್ಣಿನೊಳಗಿನ ಇಂಗಾಲಾಮ್ಲ ವಾಯುವನ್ನು ಹೀರಿಕೊಂಡು ಬಂದಿರುವುದರಿಂದ ಅದರ ಹುಳಿ ಇನ್ನೂ ಹೆಚ್ಚು, ಕರಗಿದ ಆಮ್ಲಜನಕವೂ ಕಡಿಮೆ. ಆದುದರಿಂದ ಅದನ್ನು ಆಳೆತ್ತರದ ಕೊಳವೆಯಿಂದ ಹನಿಹನಿಯಾಗಿ ಚೆದುರಿಸಿ ಬೀಳಿಸತಕ್ಕದ್ದು. ಇಂತಹ ನೀರಿಗೆ ಎಷ್ಟು ಸೆಗಣಿ ಹಾಕಿದರೂ ಹಸಿರು ಬಣ್ಣ ಬರುವುದು ನಿಧಾನ, ಏಕೆಂದರೆ ಗೊಬ್ಬರದ ರಂಜಕವನ್ನು ಕೆಂಪು ಮಣ್ಣಿನ ಕಬ್ಬಿಣ ಮತ್ತು ಅಲ್ಯುಮಿನಿಯಂಗಳು ಕೂಡಲೆ ಬಂಧಿಸಿ, ಸೂಕ್ಷ್ಮಸಸ್ಯಗಳಿಗೆ ದಕ್ಕದ ಸಂಯುಕ್ತವನ್ನಾಗಿ ಮಾಡಿಬಿಡುತ್ತವೆ. ಸುಣ್ಣವು ಈ ಬಂಧನವನ್ನು ಸಡಿಲಿಸುತ್ತದೆ. ಅದಕ್ಕಿಂತಲೂ ದೊಡ್ಡ ಉಪಕಾರವೊಂದು ಅದರಿಂದ ಉಂಟು: ಹಗಲು ಸೂಕ್ಷ್ಮಸಸ್ಯಗಳು ಇಂಗಾಲಾಮ್ಲವನ್ನು ಹೀರಿದಾಗ ನೀರು ಕ್ಷಾರದ ಕಡೆಗೂ, ರಾತ್ರಿ ಎಲ್ಲ ಜೀವಿಗಳೂ ಅದನ್ನು ಹೊರಬಿಟ್ಟಾಗ ಆಮ್ಲದ ಕಡೆಗೂ ಜಗ್ಗುತ್ತದೆಯಷ್ಟೆ, ಬೈಕಾರ್ಬೊನೇಟು ಸಾಕಷ್ಟಿದ್ದರೆ ಈ ಜಗ್ಗಾಟ ಮಿತಿಯಲ್ಲಿರುತ್ತದೆ, ಇಲ್ಲವಾದರೆ ಮೀನು ಪ್ರತಿದಿನವೂ ಎರಡು ಬೇರೆ ಬೇರೆ ನೀರುಗಳಲ್ಲಿ ಬದುಕಬೇಕಾಗುತ್ತದೆ. ಲೀಟರಿಗೆ 20 ಮಿಲಿಗ್ರಾಮಿಗಿಂತ ಕಡಿಮೆ ಕ್ಷಾರೀಯತೆಯುಳ್ಳ ನೀರು ಮೀನುಸಾಕಣೆಗೆ ಒದಗುವುದಿಲ್ಲ.

ಹೆಕ್ಟೇರಿಗೆ ಒಂದು ಸಾವಿರ ಕಿಲೋದಂತೆ ಲೆಕ್ಕ ಹಾಕಿದರೆ ನಮ್ಮ ಐವತ್ತು ಚದರ ಮೀಟರಿನ ಕೊಳಕ್ಕೆ ಬೇಕಾಗುವ ಕೃಷಿಸುಣ್ಣ 5 ಕಿಲೋ ಮಾತ್ರ. ಮೀನು ಬಿಡುವುದಕ್ಕೆ ಮೊದಲೇ ಇದನ್ನು ತಳದ ಮಣ್ಣಿಗೆ ಬೆರೆಸಿ, ವಾರವೊಂದು ಕಳೆದ ಮೇಲೆ ಸೆಗಣಿಯನ್ನು ಹಾಕತಕ್ಕದ್ದು. ಮೀನಿರುವ ಕೊಳಕ್ಕೆ ಸುಟ್ಟ ಸುಣ್ಣವನ್ನು ಒಮ್ಮೆಲೆ ಎರಚಿದರೆ ಮಾತ್ರ ಅನರ್ಥವಾದೀತು.

ಕೆಲವು ದಿನಗಳಲ್ಲಿ ನೀರು ಹಸುರಾಗುತ್ತದೆ. ಕೈಯನ್ನು ಮೊಣಗಂಟಿನವರೆಗೆ ಮುಳುಗಿಸಿದಾಗ ಅಂಗೈ ಆಗಷ್ಟೇ ಮರೆಯಾದರೆ ಹದವಾಯಿತೆಂದು ತಿಳಿಯಬಹುದು; 1865ರಲ್ಲಿ ಪೋಪರ ಹಡಗಿನಿಂದ ಬಿಳಿಯ ತಟ್ಟೆಯನ್ನು ಸಮುದ್ರಕ್ಕಿಳಿಸಿ ನೀರಿನ ಪಾರದರ್ಶಕತೆಯನ್ನು ಅಳೆದ ಆಂಜೆಲೊ ಸೆಕ್ಕಿ ಎಂಬ ಪಾದ್ರಿಯ ವಿಧಾನಕ್ಕೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ. ಈ ಹಸುರೇ ಕೊಳದ ಅನ್ನವೂ ಹೌದು, ಉಸಿರೂ ಹೌದು. ಆದರೆ ಸೂರ್ಯನಿಲ್ಲದಾಗ ಅದೇ ಉಸಿರಿಗೆ ಪಾಲುದಾರನಾಗುತ್ತದೆ. 30 ಡಿಗ್ರಿ ಉಷ್ಣತೆಯ ಒಂದು ಲೀಟರು ನೀರು, ಗಾಳಿಯೊಡನೆ ಸಮತೋಲದಲ್ಲಿದ್ದಾಗ, ಕರಗಿಸಿಕೊಳ್ಳಬಲ್ಲ ಆಮ್ಲಜನಕ ಏಳೂವರೆ ಮಿಲಿಗ್ರಾಮಿನಷ್ಟು. ರಾತ್ರಿಯೆಲ್ಲ ಮೀನು, ಹುಳ, ಬ್ಯಾಕ್ಟೀರಿಯಾ, ಸೂಕ್ಷ್ಮಸಸ್ಯಗಳೆಲ್ಲವೂ ಅದನ್ನು ವ್ಯಯಮಾಡಿ, ಬೆಳಕು ಹರಿಯುವ ಹೊತ್ತಿಗೆ ಅದು ಎರಡಕ್ಕೆ ಇಳಿದರೆ ಮೀನುಗಳು ಬಾಯ್ದೆರೆದು ಮೇಲೆ ತೇಲತೊಡಗುತ್ತವೆ. ಆಷಾಢದಲ್ಲಿ ದಿನಗಟ್ಟಲೆ ಸೂರ್ಯದರ್ಶನವಿಲ್ಲದೆ, ಮೇಲಿಂದ ಬಿದ್ದ ತಂಪು ಮಳೆನೀರು ಕೆಳಗಿಳಿದು ತಳದ ನಿರ್ಜೀವ ನೀರನ್ನು ಮೇಲಕ್ಕೆಬ್ಬಿಸಿದಾಗ, ಈ ಸಂಕಟ ಇನ್ನೂ ತೀವ್ರ. ಅಂತಹ ದಿನಗಳಲ್ಲಿ ತೌಡು, ಹಿಂಡಿ, ಸೆಗಣಿ ಎಲ್ಲವನ್ನೂ ನಿಲ್ಲಿಸಿ, ಪಂಪಿನಿಂದ ಕೊಳದ ನೀರನ್ನೇ ಎತ್ತಿ ಮತ್ತೆ ಕೊಳಕ್ಕೆ ಚಿಮ್ಮಿಸುವುದೊಂದೇ ದಾರಿ.

ಅಡಿಕೆ ತೋಟದ ಮಗ್ಗುಲಲ್ಲಿ ಕೊಳವನ್ನು ಮಾಡುವವನಿಗೆ ಬೇರೊಂದು ಭಯವಿದೆ. ಕೊಳೆರೋಗಕ್ಕೆ ಮಳೆಗೆ ಮೊದಲೊಮ್ಮೆ, ಸುಮಾರು ನಲವತ್ತು ದಿನಗಳ ಬಳಿಕ ಮತ್ತೊಮ್ಮೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು ಇರುತ್ತದೆ. ಅದರಲ್ಲಿರುವ ತಾಮ್ರವು ಮೀನಿನ ಕಿವಿರಿಗೆ ವಿಷ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಕಿವಿರಿನ ಮೇಲೆ ತಾಮ್ರದೊಡನೆ ಸ್ಪರ್ಧಿಸಿ ಅದನ್ನು ತಡೆಯುತ್ತದೆ, ನಮ್ಮ ಮೃದುಜಲದಲ್ಲಿ ಆ ರಕ್ಷಣೆಯಿಲ್ಲ. ಸುಣ್ಣದ ಮಾತು ಇಲ್ಲಿಯೂ ತಾನಾಗಿ ಬರುತ್ತದೆ. ಗೇರುತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಎಂಬ ಕೀಟನಾಶಕದ ಕತೆ ಈ ನಾಡಿಗೆ ಹೊಸದಾಗಿ ಹೇಳಬೇಕಾದುದಲ್ಲ. ಲೀಟರಿಗೆ ಕೆಲವೇ ಮೈಕ್ರೋಗ್ರಾಮಿನಷ್ಟಿದ್ದರೂ ಮೀನನ್ನು ಕೊಲ್ಲಬಲ್ಲ ಆ ವಿಷದ ಬಳಕೆಯನ್ನು ಸರ್ವೋಚ್ಚ ನ್ಯಾಯಾಲಯವು 2011ರ ಮೇ ತಿಂಗಳಲ್ಲಿ ತಡೆಯಿತು.

ಇನ್ನು ಮೀನು. ಕಾಟ್ಲಾ ಮೇಲ್ಪದರದಲ್ಲಿಯೂ ರೋಹು ನಡುವೆಯೂ ಮೃಗಾಲ ತಳದಲ್ಲಿಯೂ ಮೇಯುವುದರಿಂದ ಮೂರನ್ನೂ ಜೊತೆಯಾಗಿ ಬಿಡುವುದು ವಾಡಿಕೆ. ಚದರ ಮೀಟರಿಗೊಂದರಂತೆ ನಮ್ಮ ಕೊಳಕ್ಕೆ ಐವತ್ತು ಮರಿಗಳು ಸಾಕು. ಇವು ಉತ್ತರದ ಮಹಾನದಿಗಳವು. ನಿಂತ ನೀರಿನಲ್ಲಿ ಮೊಟ್ಟೆಯಿಡವು. 1957ರ ಜುಲೈ 10ರಂದು ಒರಿಸ್ಸಾದಲ್ಲಿ ಹೀರಾಲಾಲ್ ಚೌಧುರಿಯವರು ಕೆ. ಎಚ್. ಆಲಿಕುಂಞಿಯವರ ಜೊತೆಯಲ್ಲಿ, ಮೀನಿನ ಪಿಟ್ಯೂಟರಿ ಗ್ರಂಥಿಯ ಸಾರವನ್ನು ಚುಚ್ಚಿ ಈ ಜಾತಿಯ ಮೀನುಗಳು ಮೊಟ್ಟೆಯಿಡುವಂತೆ ಮಾಡಿದುದರ ಫಲವಾಗಿಯೇ ಇಂದು ಹಿತ್ತಿಲಿನ ಕೊಳಕ್ಕೆ ಮರಿಗಳು ದೊರೆಯುತ್ತಿರುವುದು. 1952ರಲ್ಲಿ ನಮ್ಮ ದೇಶಕ್ಕೆ ಬಂದ ತಿಲಾಪಿಯಾಕ್ಕೆ ಈ ತೊಡಕಿಲ್ಲ. ಮೊಟ್ಟೆಮರಿಗಳನ್ನು ಬಾಯಲ್ಲಿಟ್ಟು ಕಾಯುವ ಅದು ಎಳೆಯದಾಗಿರುವಾಗಲೇ ಸಂತಾನವನ್ನು ಬೆಳೆಸಿ, ಕೊಳವನ್ನು ಬೆರಳುದ್ದದ ಮೀನುಗಳಿಂದ ತುಂಬಿಬಿಡುತ್ತದೆ. ಅದು ಕೋಡಿ ಹರಿದು ಪಯಸ್ವಿನಿಯನ್ನೋ ಶಿರಿಯಾ ಹೊಳೆಯನ್ನೋ ಸೇರಿದರೆ ಅಲ್ಲಿಯ ದೇಶೀಯ ಮೀನುಗಳ ಗತಿಯೇನೆಂಬುದನ್ನು ಯೋಚಿಸಿ, ಕೋಡಿಗೆ ಸಣ್ಣ ಕಣ್ಣಿನ ಜಾಲರಿಯನ್ನು ಮೇ ತಿಂಗಳೊಳಗೆ ಬಿಗಿಯುವುದು ಕೊಳದ ಯಜಮಾನನ ಕರ್ತವ್ಯ.

ಗಾಳ ಹಾಕುವ ವಿನೋದಕ್ಕಾಗಿಯೇ ಕೊಳವನ್ನು ಬಯಸುವವರು ತಮ್ಮ ಹವ್ಯಾಸ ಕ್ಷುದ್ರವೆಂದು ಸಂಕೋಚಪಡಬೇಕಾಗಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಪ್ರಕರಣವಿದ್ದು, ಮೀನುಗಳ ಜಾತಿಗಳನ್ನೂ ಅವುಗಳಿಗೆ ಒಡ್ಡತಕ್ಕ ಆಹಾರವನ್ನೂ ಗಾಳದ ಕ್ರಮವನ್ನೂ ಅಲ್ಲಿ ವಿವರಿಸಲಾಗಿದೆ. 1951ರಲ್ಲಿ ಮತ್ಸ್ಯವಿಜ್ಞಾನಿ ಸುಂದರಲಾಲ್ ಹೋರಾ ಅದನ್ನು ಆಧುನಿಕ ವಿದ್ವಾಂಸರ ಗಮನಕ್ಕೆ ತಂದರು. ರಾಜನ ಮೀನುಗಳಂತೆಯೇ ನಮ್ಮವೂ ಪರಿಚಿತ ಜಾಗದಲ್ಲಿ ನಿತ್ಯವೂ ಆಹಾರ ಸಿಕ್ಕಿದರೆ ಅಲ್ಲಿಗೆ ಬರುವುದನ್ನು ಕಲಿಯುತ್ತವೆ. ಆಮ್ಲಜನಕ ತುಂಬಿರುವ ಇಳಿಹಗಲಿನಲ್ಲಿ ಅವುಗಳ ಹಸಿವು ಚೆನ್ನಾಗಿರುತ್ತದೆ, ಮುಂಜಾವಿನಲ್ಲಿ ಮಂದ. ತೌಡು ಹಿಂಡಿಗಳನ್ನು ನಾದಿದ ಉಂಡೆಗೆ ರೋಹು ಬರುತ್ತದೆ, ಎರೆಹುಳುವನ್ನು ತಳಕ್ಕಿಳಿಸಿದರೆ ಮೃಗಾಲವೂ ಕಚ್ಚೀತು. ಮೇಲ್ಮುಖವಾದ ಬಾಯಿಂದ ಸೂಕ್ಷ್ಮಜೀವಿಗಳನ್ನು ಸೋಸಿ ತಿನ್ನುವ ಕಾಟ್ಲಾಕ್ಕೆ ಎರೆಹುಳುವಿನ ಮೋಹ ಕಡಿಮೆಯಾದುದರಿಂದ, ಅದಕ್ಕೆ ಏಪ್ರಿಲಿನಲ್ಲಿ ನೀರು ಇಳಿದಾಗ ಬಲೆಯನ್ನೇ ಬೀಸಬೇಕು.