ಏಕಪದರ ಮಿಶ್ರ ಅರೆವಾಹಕಗಳಲ್ಲಿ ಬೆಳಕಿನ ಉತ್ಪತ್ತಿ: ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ
ಮನೆಬಳಕೆಯ ಎಲ್.ಇ.ಡಿ. ದೀಪಗಳಲ್ಲಿ ಗ್ಯಾಲಿಯಂ ನೈಟ್ರೈಡ್‌ಗೆ ಇಂಡಿಯಂ ಬೆರೆಸಿದ ಅರೆವಾಹಕವಿರುತ್ತದೆ. ಇಂಡಿಯಂ ಪ್ರಮಾಣ ಹೆಚ್ಚಿದಂತೆ ಬೆಳಕು ನೀಲಿಯಿಂದ ಹಸಿರಿನತ್ತ ಸರಿಯುತ್ತದೆ. ಇದೇ ತತ್ವವನ್ನು ಮೂರು ಪರಮಾಣುಗಳಷ್ಟೇ ದಪ್ಪದ ಹಾಳೆಗಳಿಗೂ ಅನ್ವಯಿಸಲಾಗಿದೆ. ಇವುಗಳಲ್ಲಿ ಮಿಶ್ರಣದ ಪ್ರಮಾಣವು ಬಣ್ಣದ ಜೊತೆಗೆ ಬೆಳಕಿನ ಪ್ರಖರತೆಯನ್ನೂ ನಿರ್ಧರಿಸುತ್ತದೆ. ಈ ಕುರಿತು ಸಾರ್ವಜನಿಕರ ಅವಗಾಹನೆಗಾಗಿ ಕೆಳಕಂಡ ಮಾಹಿತಿ ನೀಡಲಾಗಿದೆ.

1. ಏಕಪದರ ಅರೆವಾಹಕ ಎಂದರೇನು?
ಮಾಲಿಬ್ಡಿನಂ ಡೈಸಲ್ಫೈಡ್ ಪದರಪದರವಾಗಿ ಬಿಡಿಸಬಹುದಾದ ವಸ್ತು. ಯಂತ್ರಗಳ ಗ್ರೀಸ್‌ನಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಇದರ ಒಂದು ಪದರದ ದಪ್ಪ ಸುಮಾರು 0.65 ನ್ಯಾನೊಮೀಟರ್. ದಪ್ಪ ತುಂಡು ಅತ್ಯಲ್ಪ ಬೆಳಕನ್ನು ಸೂಸಿದರೆ, ಒಂಟಿ ಪದರವು ಸ್ಪಷ್ಟವಾಗಿ ಹೊಳೆಯುತ್ತದೆಂದು 2010ರಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿದರು. ಅದೇ ವರ್ಷ ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಇಂತಹ ತೆಳುಪದರಗಳನ್ನು ರಾಸಾಯನಿಕ ವಿಧಾನದಿಂದ ತಯಾರಿಸಿದ ವರದಿ ಪ್ರಕಟವಾಯಿತು.

2. ಎಕ್ಸಿಟಾನ್ ಎಂದರೇನು?
ಅರೆವಾಹಕವು ಬೆಳಕನ್ನು ಹೀರಿದಾಗ ಎಲೆಕ್ಟ್ರಾನ್ ತನ್ನ ಸ್ಥಾನವನ್ನು ತೊರೆದು ಮೇಲಿನ ಶಕ್ತಿಮಟ್ಟಕ್ಕೇರುತ್ತದೆ. ತೆರವಾದ ಸ್ಥಾನವು ಧನ ವಿದ್ಯುದಂಶದಂತೆ ವರ್ತಿಸುತ್ತದೆ; ಇದಕ್ಕೆ ರಂಧ್ರವೆಂದು ಹೆಸರು. ಇವೆರಡೂ ಆಕರ್ಷಣೆಯಿಂದ ಜೋಡಿಯಾಗಿ ಉಳಿದರೆ ಅದೇ ಎಕ್ಸಿಟಾನ್. ಎಲೆಕ್ಟ್ರಾನ್ ಮರಳಿ ಆ ಸ್ಥಾನವನ್ನು ತುಂಬಿದಾಗ ಬೆಳಕು ಹೊಮ್ಮಬಹುದು. ಗ್ಯಾಲಿಯಂ ಆರ್ಸೆನೈಡ್‌ನಲ್ಲಿ ಈ ಜೋಡಿಯ ಬಂಧ ಸುಮಾರು 4 ಮಿಲಿ ಎಲೆಕ್ಟ್ರಾನ್‌ವೋಲ್ಟ್ ಮಾತ್ರ. ಕೋಣೆಯ ಉಷ್ಣಶಕ್ತಿ ಸುಮಾರು 25 ಇರುವುದರಿಂದ ಅದು ಒಡೆಯುತ್ತದೆ. ಏಕಪದರಗಳಲ್ಲಿ ಬಂಧವು ನೂರಾರು ಮಿಲಿ ಎಲೆಕ್ಟ್ರಾನ್‌ವೋಲ್ಟ್‌ಗಳಷ್ಟಿದ್ದು, ಜೋಡಿಯು ಕೋಣೆಯ ತಾಪದಲ್ಲೂ ಉಳಿಯುತ್ತದೆ.

3. ಮಿಶ್ರಣದ ಪರಿಣಾಮಗಳು
(ಅ) ಬಣ್ಣ: ಮಾಲಿಬ್ಡಿನಂ ಡೈಸಲ್ಫೈಡ್‌ನ ಗಂಧಕದ ಬದಲಿಗೆ ಸೆಲೆನಿಯಂ ಸೇರಿಸುತ್ತ ಹೋದರೆ, ಬೆಳಕಿನ ತರಂಗಾಂತರವು ಸುಮಾರು 670 ನ್ಯಾನೊಮೀಟರ್‌ನಿಂದ (ಕೆಂಪು) ಸುಮಾರು 800ರವರೆಗೆ (ಅವಕೆಂಪು) ಸರಿಯುತ್ತದೆ.
(ಆ) ಪ್ರಖರತೆ: ಗಿರಕಿಯ ದಿಕ್ಕು ಹೊಂದದ ಜೋಡಿಗಳು ಸುಲಭವಾಗಿ ಬೆಳಕು ಸೂಸಲಾರವು, ಇವು 'ಕಪ್ಪು' ಎಕ್ಸಿಟಾನ್‌ಗಳು. ಮಾಲಿಬ್ಡಿನಂ ಡೈಸೆಲೆನೈಡ್‌ನಲ್ಲಿ ಕನಿಷ್ಠ ಶಕ್ತಿಯ ಜೋಡಿ ಬೆಳಕು ಸೂಸುವಂತಹುದು. ಟಂಗ್‌ಸ್ಟನ್ ಡೈಸೆಲೆನೈಡ್‌ನಲ್ಲಿ ಅದು ಕಪ್ಪು. ಆದ್ದರಿಂದ ತಂಪುಗೊಳಿಸಿದಾಗ ಮೊದಲನೆಯದು ಹೆಚ್ಚು ಬೆಳಗುತ್ತದೆ, ಎರಡನೆಯದು ಮಂಕಾಗುತ್ತದೆ. ಈ ಎರಡು ಲೋಹಗಳ ಪ್ರಮಾಣವನ್ನು ಬದಲಿಸಿ ಸದರಿ ವರ್ತನೆಯನ್ನು ಹೊಂದಿಸಬಹುದೆಂದು 2015ರಲ್ಲಿ ವರದಿಯಾಯಿತು.

4. ಮಿತಿಗಳು
ಮಿಶ್ರಣದಲ್ಲಿ ಪರಮಾಣುಗಳು ಕ್ರಮವಿಲ್ಲದೆ ಹಂಚಿಕೆಯಾಗುವುದರಿಂದ ಬಣ್ಣದ ನಿಖರತೆ ತಗ್ಗುತ್ತದೆ. ಹಾಳೆಯ ದೋಷಗಳಲ್ಲಿ ಶಕ್ತಿಯು ಶಾಖವಾಗಿ ನಷ್ಟವಾಗುತ್ತದೆ. ಸಂಸ್ಕರಿಸದ ಮಾಲಿಬ್ಡಿನಂ ಡೈಸಲ್ಫೈಡ್ ಪದರವು ಹೀರಿದ 100 ಬೆಳಕಿನ ಕಣಗಳಿಗೆ ಸಾಮಾನ್ಯವಾಗಿ ಒಂದನ್ನೂ ಮರಳಿಸುವುದಿಲ್ಲ. ಆಮ್ಲ ಸಂಸ್ಕರಣೆಯಿಂದ ಇದನ್ನು 95ಕ್ಕೂ ಮೇಲೇರಿಸಬಹುದೆಂದು 2015ರಲ್ಲಿ ಬರ್ಕ್‌ಲಿಯ ಸಂಶೋಧಕರು ತೋರಿಸಿದರು.

ಸೂಚನೆ: ಈ ಕ್ಷೇತ್ರದಲ್ಲಿ ಸಂಶೋಧನಾ ನೆರವು ಅಥವಾ ಉದ್ಯಮ ಸಹಾಯ ಕೋರುವವರು ಮಿಶ್ರಣದ ಪ್ರಮಾಣ, ಅಳತೆ ಮಾಡಿದಾಗಿನ ತಾಪಮಾನ ಮತ್ತು 100 ಕಣಗಳಿಗೆ ಮರಳಿದ ಬೆಳಕಿನ ಕಣಗಳ ಸಂಖ್ಯೆ, ಈ ಮೂರನ್ನೂ ತಿಳಿದುಕೊಳ್ಳತಕ್ಕದ್ದು. ಇವುಗಳಲ್ಲಿ ಯಾವುದೊಂದು ಇಲ್ಲದಿದ್ದರೂ 'ಪ್ರಖರ ಬೆಳಕು' ಎಂಬ ಹೇಳಿಕೆಯನ್ನು ಪರಿಶೀಲಿಸಲು ಸಾಧ್ಯವಾಗುವುದಿಲ್ಲ.