ಕೈತೋಟದಲ್ಲಿ ಸಂಕರಣ ಟೊಮೇಟೊ ಬೇಸಾಯ

ಸಂಕರಣ ಟೊಮೇಟೊ ಎಂದರೆ ಗುಣದಲ್ಲಿ ಭಿನ್ನವಾಗಿರುವ ಎರಡು ಶುದ್ಧ ತಳಿಗಳನ್ನು ಕೂಡಿಸಿ ಪಡೆದ ಮೊದಲ ಪೀಳಿಗೆಯ ಟೊಮೇಟೊ ಗಿಡ. ಆಡುಮಾತಿನಲ್ಲಿ ಇದಕ್ಕೆ ಹೈಬ್ರಿಡ್ ಟೊಮೇಟೊ ಎಂಬ ಹೆಸರಿದೆ. ಬೀಜದ ಪೊಟ್ಟಣದ ಮೇಲೆ ‘ಎಫ್-1’ ಎಂಬ ಗುರುತು ಇರುತ್ತದೆ. ಬಯಲಿನಲ್ಲಿ ಮಾರಾಟಕ್ಕಾಗಿ ಬೆಳೆಯುವ ಈ ತಳಿಗಳನ್ನು ಹಿತ್ತಿಲಿನಲ್ಲಿ ಬೀಜದಿಂದಲೇ ಬೆಳೆಸಿಕೊಳ್ಳಲು ಸಾಧ್ಯ. ಈ ಲೇಖನವು ದಾವಣಗೆರೆ ಜಿಲ್ಲೆಯ ಹೊನ್ನಾಳಿ ತಾಲ್ಲೂಕಿನ ಸಾಸ್ವೆಹಳ್ಳಿ ಹಾಗೂ ಅದರ ಸುತ್ತಲಿನ ಪ್ರದೇಶದ ಹವೆ ಮತ್ತು ಮಣ್ಣನ್ನು ಗಮನದಲ್ಲಿರಿಸಿಕೊಂಡು ಅದರ ಕ್ರಮವನ್ನು ವಿವರಿಸುತ್ತದೆ.

ಹಿನ್ನೆಲೆ

ದಕ್ಷಿಣ ಅಮೆರಿಕದ ಪಶ್ಚಿಮ ಭಾಗದ ಮೂಲದ ಟೊಮೇಟೊ (ಸೊಲಾನಮ್ ಲೈಕೊಪರ್ಸಿಕಮ್) ಯುರೋಪಿಯನ್ನರ ಮೂಲಕ ಭಾರತಕ್ಕೆ ಬಂದಿತು. ಸಂಕರಣ ತಳಿಗಳ ಇತಿಹಾಸದಲ್ಲಿ ಕರ್ನಾಟಕಕ್ಕೆ ವಿಶೇಷ ಸ್ಥಾನವಿದೆ. ಮನಮೋಹನ ಅತ್ತಾವರ ಅವರು 1965ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಸಂಸ್ಥೆಯು 1973ರಲ್ಲಿ ‘ಕರ್ನಾಟಕ’ ಎಂಬ ಸಂಕರಣ ಟೊಮೇಟೊವನ್ನು ಬಿಡುಗಡೆ ಮಾಡಿತು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅಭಿವೃದ್ಧಿಪಡಿಸಿದ ‘ಅರ್ಕಾ ರಕ್ಷಕ್’ ಸಂಕರಣವು ಎಲೆ ಮುಟುರು ನಂಜುರೋಗ, ದುಂಡಾಣು ಸೊರಗು ರೋಗ ಮತ್ತು ಎಲೆ ಅಂಗಮಾರಿ ರೋಗ, ಈ ಮೂರಕ್ಕೂ ನಿರೋಧಕ ಶಕ್ತಿಯನ್ನು ಹೊಂದಿದೆ. ಇದರ ಹಣ್ಣು ಸುಮಾರು 90ರಿಂದ 100 ಗ್ರಾಂ ತೂಗುತ್ತದೆ. ಬೆಳೆಯ ಅವಧಿ ಸುಮಾರು 140 ದಿನಗಳು.

ಬೀಜೋತ್ಪಾದನೆ

ಟೊಮೇಟೊ ಸ್ವಕೀಯ ಪರಾಗಸ್ಪರ್ಶದ ಸಸ್ಯ. ಅದರ ಹೂವಿನಲ್ಲಿ ಪರಾಗಕೋಶಗಳು ಶಲಾಕೆಯನ್ನು ಹಳದಿ ಕೊಳವೆಯಂತೆ ಸುತ್ತುವರಿದಿರುತ್ತವೆ. ಆದ್ದರಿಂದ ಸಂಕರಣ ಬೀಜವನ್ನು ಪಡೆಯಲು, ಮೊಗ್ಗು ಅರಳುವ ಮುನ್ನವೇ ಚಿಮಟದಿಂದ ಆ ಕೊಳವೆಯನ್ನು ಬಿಡಿಸಿ ತೆಗೆದು, ಬಳಿಕ ಗಂಡು ತಳಿಯ ಪರಾಗವನ್ನು ಕೈಯಿಂದಲೇ ಮುಟ್ಟಿಸಬೇಕು. ಸಂಕರಣಗೊಂಡ ಹೂವನ್ನು ಗುರುತಿಸಲು ಪುಷ್ಪಪತ್ರದ ತುದಿಯನ್ನು ಕತ್ತರಿಸುವ ರೂಢಿಯೂ ಇದೆ. ಹಾವೇರಿ ಜಿಲ್ಲೆಯ ರಾಣೇಬೆನ್ನೂರು ಸೀಮೆಯು ಇಂತಹ ತರಕಾರಿ ಬೀಜೋತ್ಪಾದನೆಗೆ ಹೆಸರಾಗಿದೆ. ಪೊಟ್ಟಣದ ಬೆಲೆಯ ಹಿಂದೆ ಒಂದೊಂದು ಹೂವಿಗೂ ಸಲ್ಲುವ ಈ ಕೈಕೆಲಸವಿದೆ.

ಸಸಿಗಳ ತಯಾರಿಕೆ

ಒಂದು ಗ್ರಾಂನಲ್ಲಿ ಸುಮಾರು 300 ಬೀಜಗಳಿರುತ್ತವೆ. ಮನೆಗೆ ಹತ್ತು-ಹನ್ನೆರಡು ಗಿಡ ಸಾಕಾಗುವುದರಿಂದ ಇಪ್ಪತ್ತು ಬೀಜ ಬಿತ್ತಿ, ಉಳಿದುದನ್ನು ಗಾಳಿಯಾಡದ ಡಬ್ಬಿಯಲ್ಲಿ ತಂಪಾದ, ಒಣ ಜಾಗದಲ್ಲಿ ಇರಿಸಬಹುದು. ಹೀಗಿಟ್ಟ ಬೀಜ ಎರಡು-ಮೂರು ವರ್ಷ ಮೊಳೆಯಬಲ್ಲದು. ಬಣ್ಣ ಲೇಪಿತ ಬೀಜಕ್ಕೆ ಸಾಮಾನ್ಯವಾಗಿ ಶಿಲೀಂಧ್ರನಾಶಕ ಹಚ್ಚಿರುತ್ತಾರೆ. ಅದನ್ನು ನೆನೆಹಾಕುವುದು ಬೇಡ, ಮುಟ್ಟಿದ ಮೇಲೆ ಕೈ ತೊಳೆಯಬೇಕು, ಮಕ್ಕಳ ಕೈಗೆ ಸಿಗದಂತೆ ಇಡಬೇಕು.

ಪ್ರೋಟ್ರೇ ಇಲ್ಲವೇ ತಳದಲ್ಲಿ ತೂತಿರುವ ಯಾವುದೇ ಚಿಕ್ಕ ಪಾತ್ರೆಗೆ ತೆಂಗಿನ ನಾರಿನ ಪುಡಿ ಮತ್ತು ಎರೆಗೊಬ್ಬರದ ಮಿಶ್ರಣ ತುಂಬಿ, ಅರ್ಧ ಸೆಂ.ಮೀ. ಆಳದಲ್ಲಿ ಕುಳಿಗೊಂದರಂತೆ ಬೀಜ ಇಡಬೇಕು. 25ರಿಂದ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ವಾರದೊಳಗೆ ಮೊಳಕೆ ಕಾಣುತ್ತದೆ. ಮೊಳಕೆ ಕಂಡ ಕೂಡಲೇ ಬೆಳಕಿಗೆ ತರದಿದ್ದರೆ ಸಸಿಗಳು ಸಣಕಲಾಗಿ ಬಾಗುತ್ತವೆ. ನೀರು ಹೆಚ್ಚಾದರೆ ಬುಡ ಕೊಳೆತು ಬೀಳುತ್ತವೆ.

ಇಡೀ ಬೇಸಾಯದಲ್ಲಿ ಹೆಚ್ಚಿನ ಎಚ್ಚರ ಬೇಕಾದುದು ಈ ಮೂರು-ನಾಲ್ಕು ವಾರಗಳಲ್ಲಿಯೇ. ಎಲೆ ಮುಟುರು ರೋಗದ ನಂಜನ್ನು ಬಿಳಿ ನೊಣ ಹರಡುತ್ತದೆ. ಎಳೆಯ ಸಸಿಗೆ ಇದು ತಗುಲಿದರೆ ಗಿಡ ಗಿಡ್ಡಾಗಿ, ಎಲೆ ಮುದುಡಿ, ಕಾಯಿ ಬಹುತೇಕ ಬಿಡುವುದೇ ಇಲ್ಲ. ಬಳಿಕ ಯಾವ ಔಷಧಿಯಿಂದಲೂ ಅದನ್ನು ಗುಣಪಡಿಸಲಾಗದು. ಬಿಳಿ ನೊಣದ ಉದ್ದ ಸುಮಾರು ಒಂದು ಮಿ.ಮೀ. ಮಾತ್ರ. ಆದುದರಿಂದ ಸಾಮಾನ್ಯ ಸೊಳ್ಳೆಪರದೆ ಸಾಲದು, ಒತ್ತು ಹೆಣಿಗೆಯ ನೈಲಾನ್ ಪರದೆಯನ್ನೇ ಹೊದಿಸಬೇಕು. ನಿರೋಧಕ ತಳಿಯನ್ನು ಬಿತ್ತಿದವರೂ ಇದನ್ನು ಬಿಡಬಾರದು.

ನಾಟಿ ಮತ್ತು ಆರೈಕೆ

ಸುಮಾರು 25 ದಿನಗಳ ಸಸಿಯನ್ನು ಸಂಜೆಯ ವೇಳೆ ನಾಟಿ ಮಾಡಬೇಕು. ಸಾಲಿನಿಂದ ಸಾಲಿಗೆ 60 ಸೆಂ.ಮೀ., ಗಿಡದಿಂದ ಗಿಡಕ್ಕೆ 45 ಸೆಂ.ಮೀ. ಅಂತರ ಸಾಕು. ದಿನಕ್ಕೆ ಆರು ಗಂಟೆಗೂ ಮೀರಿದ ನೇರ ಬಿಸಿಲು ಅಗತ್ಯ. ಹೊನ್ನಾಳಿ, ಚನ್ನಗಿರಿ ಭಾಗದಲ್ಲಿ ಮನೆಯ ಹಿಂದೆಯೇ ಅಡಿಕೆ, ತೆಂಗಿನ ಮರಗಳಿರುವಲ್ಲಿ ಈ ಬಿಸಿಲು ಸಿಗುವುದಿಲ್ಲ. ಅಂಥವರು ಹಿತ್ತಿಲಿಗಿಂತ ಮನೆಯ ಮುಂದಿನ ಅಂಗಳವನ್ನೋ ತಾರಸಿಯನ್ನೋ ಆರಿಸಿಕೊಳ್ಳುವುದು ಲೇಸು. ನೀರು ನಿಲ್ಲುವ ಎರೆಮಣ್ಣಿನಲ್ಲಿ ಏರುಮಡಿ ಮಾಡಿ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಬೇಕು. ಮಳೆ ಕಡಿಮೆಯಿರುವ ಜಗಳೂರಿನ ಕಡೆ ಗಿಡದ ಬುಡಕ್ಕೆ ಒಣ ಸೊಪ್ಪು ಅಥವಾ ಮೆಕ್ಕೆಜೋಳದ ರವದಿಯ ಹೊದಿಕೆ ಹಾಕುವುದರಿಂದ ತೇವ ಉಳಿಯುತ್ತದೆ.

ಹಗಲಿನ ಉಷ್ಣತೆ 35 ಡಿಗ್ರಿ ದಾಟಿದರೆ ಹೂವು ಉದುರುತ್ತದೆ. ಹೀಗಾಗಿ ಹೂಬಿಡುವ ಕಾಲ ಏಪ್ರಿಲ್‌ಗೆ ಬೀಳದಂತೆ ಬಿತ್ತನೆಯನ್ನು ಮುಂಗಾರಿನ ಆರಂಭಕ್ಕೋ ಅಕ್ಟೋಬರ್‌ಗೋ ಹೊಂದಿಸಿಕೊಳ್ಳಬೇಕು. ಗಾಳಿ ಕಡಿಮೆಯಿರುವ ತಾರಸಿಯಲ್ಲಿ ಬೆಳಿಗ್ಗೆ ಹೂಗೊಂಚಲನ್ನು ಬೆರಳಿನಿಂದ ಮೆಲ್ಲನೆ ತಟ್ಟಿದರೆ ಕಾಯಿಕಟ್ಟಲು ನೆರವಾಗುತ್ತದೆ. ಹಣ್ಣಿನ ಭಾರಕ್ಕೆ ರೆಂಬೆ ಮುರಿಯದಂತೆ ಕೋಲಿನ ಆಸರೆ ಕೊಡಬೇಕು.

ಕಾಯಿಯ ತುದಿ ಕಪ್ಪಾಗಿ ಒಣಗುವುದನ್ನು ರೋಗವೆಂದು ತಿಳಿದು ಔಷಧಿ ಸಿಂಪಡಿಸುವವರುಂಟು. ಅದು ಕಾಯಿಗೆ ಸುಣ್ಣದ ಅಂಶ ತಲುಪದೆ ಆಗುವ ದೋಷ. ಒಮ್ಮೆ ಒಣಗಿಸಿ ಒಮ್ಮೆ ನೀರು ತುಂಬುವುದೇ ಹಲವು ಬಾರಿ ಇದಕ್ಕೆ ಕಾರಣ. ಹಸಿರಾಗಿರುವ ಗಿಡ ಹಠಾತ್ತನೆ ಬಾಡಿದರೆ ಕಾಂಡದ ಬುಡವನ್ನು ಕತ್ತರಿಸಿ ತಿಳಿನೀರಿನ ಲೋಟದಲ್ಲಿ ಇಳಿಬಿಡಬೇಕು. ಹಾಲಿನಂತಹ ಎಳೆ ಇಳಿದರೆ ಅದು ದುಂಡಾಣು ಸೊರಗು ರೋಗ. ಆ ಗಿಡವನ್ನು ಬೇರುಸಹಿತ ಕಿತ್ತು ಸುಡಬೇಕು. ಅದೇ ಮಡಿಯಲ್ಲಿ ಕೆಲವು ವರ್ಷ ಟೊಮೇಟೊ ಮಾತ್ರವಲ್ಲ, ಬದನೆ, ಮೆಣಸಿನಕಾಯಿ, ಆಲೂಗಡ್ಡೆಯನ್ನೂ ಹಾಕಬಾರದು. ಹಣ್ಣು ಕೊರಕ ಹುಳುವಿನ ಚಿಟ್ಟೆಗಳನ್ನು ಸೆಳೆಯಲು ಪಕ್ಕದಲ್ಲಿ ಚೆಂಡುಹೂ ಬೆಳೆಸುವುದು ರೂಢಿಯಲ್ಲಿದೆ. ಟೊಮೇಟೊ ಹೂಬಿಡುವಾಗ ಚೆಂಡುಹೂವೂ ಅರಳಿರಬೇಕಾದ್ದರಿಂದ ಅದನ್ನು ಸುಮಾರು 20 ದಿನ ಮೊದಲೇ ಬಿತ್ತಬೇಕು.

ಬೀಜ ಉಳಿಸಿಕೊಳ್ಳುವ ಪ್ರಶ್ನೆ

ಹೈಬ್ರಿಡ್ ಹಣ್ಣಿನ ಬೀಜ ಮೊಳೆಯುವುದಿಲ್ಲ ಎಂಬ ನಂಬಿಕೆ ತಪ್ಪು. ಅದು ಚೆನ್ನಾಗಿಯೇ ಮೊಳೆಯುತ್ತದೆ. ಆದರೆ ಮೊದಲ ಪೀಳಿಗೆಯಲ್ಲಿ ಒಂದೇ ಸಮನಾಗಿದ್ದ ಗುಣಗಳು ಎರಡನೆಯ ಪೀಳಿಗೆಯಲ್ಲಿ ಒಡೆದು ಹಂಚಿಹೋಗುತ್ತವೆ. ರೋಗನಿರೋಧಕತೆಯು ಜನಕ ತಳಿಗಳಲ್ಲೊಂದರ ಒಂದೇ ಪ್ರಬಲ ಜೀನಿನಿಂದ ಬಂದಿದ್ದರೆ, ಮರುಪೀಳಿಗೆಯ ಗಿಡಗಳಲ್ಲಿ ಸರಾಸರಿ ನಾಲ್ಕರಲ್ಲಿ ಒಂದಕ್ಕೆ ಅದು ಇರುವುದೇ ಇಲ್ಲ. ಅಂತಹ ಎರಡು ಜೀನುಗಳು ಬೇರೆಬೇರೆಯಾಗಿ ಸಾಗಿಬಂದರೆ, ಎರಡನ್ನೂ ಪಡೆಯುವ ಗಿಡಗಳು 16ರಲ್ಲಿ 9 ಮಾತ್ರ. ಹಣ್ಣಿನ ಗಾತ್ರ, ಸಿಪ್ಪೆಯ ದಪ್ಪ, ಗಿಡದ ಎತ್ತರ ಎಲ್ಲವೂ ಹೀಗೆಯೇ ಚದುರುತ್ತವೆ. ಕುತೂಹಲಕ್ಕೆ ಒಂದೆರಡು ಗಿಡ ಬೆಳೆಸಬಹುದೇ ಹೊರತು ಮನೆಯ ಬೆಳೆಯನ್ನೆಲ್ಲ ಅದಕ್ಕೆ ಒಪ್ಪಿಸುವುದು ನಷ್ಟದ ಬಾಬತ್ತು.

ವರ್ಷವರ್ಷವೂ ಬೀಜ ಕೊಳ್ಳಲು ಇಚ್ಛಿಸದವರಿಗೆ ನಾಟಿ ಟೊಮೇಟೊ ಅಥವಾ ‘ಅರ್ಕಾ ವಿಕಾಸ್’ನಂತಹ ಸಂಕರಣವಲ್ಲದ ತಳಿಗಳು ಸೂಕ್ತ. ಇವುಗಳಲ್ಲಿ ಆರೋಗ್ಯವಂತ ಗಿಡದ ಪೂರ್ಣ ಮಾಗಿದ ಹಣ್ಣನ್ನು ಆರಿಸಿ, ತಿರುಳನ್ನು ಬೀಜಸಹಿತ ಒಂದೆರಡು ದಿನ ಹುಳಿಯಲು ಬಿಟ್ಟು, ಲೋಳೆ ಹೋಗುವಂತೆ ತೊಳೆದು ನೆರಳಿನಲ್ಲಿ ಒಣಗಿಸಿದರೆ ಮುಂದಿನ ಬಿತ್ತನೆಗೆ ಬೀಜ ಸಿದ್ಧವಾಗುತ್ತದೆ.